ಗೋಕರ್ಣದಲ್ಲಿ ಮೂರು ದಿನ

ಹಲಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಕೆರೆಯೇ. ಅದಕ್ಕೆ ಆಚೆಯ ದಡವೊಂದುಂಟು, ನಡುವೆ ನಡುಗಡ್ಡೆಗಳುಂಟು, ಸುತ್ತಲೂ ಬೇಲಿಯುಂಟು. ಬೆಳಗಿನ ಹೊತ್ತು ಅದರ ದಡದಲ್ಲಿ ನಡೆದು ಮನೆಗೆ ಮರಳಿ ಕಾಫಿ ಕುಡಿಯಬಹುದು. ಅಷ್ಟರ ಮಟ್ಟಿಗೆ ಅದು ನಮ್ಮ ಅಂಕೆಗೆ ಒಳಪಟ್ಟ ನೀರು. ಆಚೆಯ ದಡವಿಲ್ಲದ ನೀರನ್ನು ನಾನು ಇದುವರೆಗೆ ನೋಡಿದ್ದುದು ಎರಡೇ ಬಾರಿ. ಅದೂ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ. ಆಗ ಕಣ್ಣುಗಳು ಮಕ್ಕಳ ತಲೆಗಳನ್ನು ಎಣಿಸುವುದರಲ್ಲಿಯೇ ತೊಡಗಿದ್ದುದರಿಂದ ಸಮುದ್ರವನ್ನು ನೋಡಿದೆನೆಂದು ಹೇಳುವಂತಿಲ್ಲ.

ಕೃಷ್ಣರಾಜಪುರದಲ್ಲಿ ಮಗನ ಮನೆಯಲ್ಲಿರುವ ನಮ್ಮಕ್ಕ ಅಷ್ಟನ್ನೂ ಕಂಡವಳಲ್ಲ. ಆಕೆಗೆ ಈಗ ಅರುವತ್ತೆಂಟು ವರ್ಷ. “ಕಾಶಿಗೆ ಹೋಗಿಬಂದೆ, ತಿರುಪತಿಗೆ ಲೆಕ್ಕವಿಲ್ಲ, ಸಮುದ್ರಸ್ನಾನ ಒಂದು ಆಗಲಿಲ್ಲವಲ್ಲೋ” ಎಂದು ಕೆಲವು ವರ್ಷಗಳಿಂದ ಹೇಳುತ್ತಲೇ ಇದ್ದಳು. ನನಗೆ ನಿವೃತ್ತಿಯಾದ ಮೇಲೆ “ಶಾಲೆಯಿದೆ” ಎಂಬ ನೆಪವೂ ಹೋಯಿತು. ಮಾಘಸ್ನಾನಕ್ಕೆ ಗೋಕರ್ಣಕ್ಕೆ ಹೋಗುವುದೆಂದು ಗೊತ್ತುಮಾಡಿದೆವು. ಮೊಮ್ಮಗನು ತಾನೂ ಬರುವೆನೆಂದು ಹಟ ಹಿಡಿದನು. ಒಂಬತ್ತು ವರ್ಷದ ಹುಡುಗ. ನಮ್ಮ ಮಹಡಿಯ ಮೇಲೆಯೇ ವಾಸವಾಗಿರುವ ಮಗಳ ಮಗ. ಅವನ ತಾಯಿ ಗಂಟುಮೂಟೆ ಕಟ್ಟಿಕೊಡುತ್ತಾ, “ಅಪ್ಪ, ನೀರಿನ ಹತ್ತಿರ ಇವನನ್ನು ಒಬ್ಬನನ್ನೇ ಬಿಡಬೇಡಿ” ಎಂದಳು. ಮೂವತ್ತೈದು ವರ್ಷ ಊರ ಮಕ್ಕಳನ್ನು ಕಾಯ್ದವನಿಗೆ ಇದನ್ನು ಹೇಳಬೇಕೆ ಎಂದು ನಾನು ನಕ್ಕುಬಿಟ್ಟೆನು.

ಹಲಸೂರಿನಲ್ಲಿ ಮೆಟ್ರೋ ಹತ್ತಿ ದೊಡ್ಡ ರೈಲ್ವೆ ಸ್ಟೇಷನ್ನಿಗೆ ಹೋಗಿ, ಸಂಜೆ ಹೊರಡುವ ಕಾರವಾರದ ಗಾಡಿಯನ್ನು ಹಿಡಿದೆವು. ಸಕಲೇಶಪುರದ ಘಟ್ಟವನ್ನು ಇಳಿದುದು ರಾತ್ರಿಯಲ್ಲಾದ್ದರಿಂದ ಕಂಡುದು ಕತ್ತಲೆ ಮಾತ್ರ. ಬೆಳಗಾಗುತ್ತಲೇ ತೆಂಗಿನ ತೋಟಗಳು, ಕೆಂಪು ಮಣ್ಣು, ಅಗಲವಾದ ನದಿಗಳು. ಒಂದೊಂದು ನದಿ ಬಂದಾಗಲೂ ಅಕ್ಕ, “ಇದೇ ಏನೋ ಸಮುದ್ರ?” ಎಂದು ಕೇಳುವಳು. ಹೊನ್ನಾವರದಲ್ಲಿ ಶರಾವತಿಯ ಮೇಲಣ ಸೇತುವೆ ಎರಡು ಕಿಲೋಮೀಟರಿಗೂ ಮಿಗಿಲಾಗಿ ಉದ್ದವಾಗಿದೆ; ಕೊಂಕಣ ರೈಲ್ವೆಯಲ್ಲಿ ಅದೇ ಅತ್ಯಂತ ಉದ್ದದ ಸೇತುವೆ. ಅಲ್ಲಿ ಗಾಡಿ ನೀರಿನ ಮೇಲೆಯೇ ಹೋಗುತ್ತಿರುವಂತೆ ತೋರಿತು. “ಇದೂ ಅಲ್ಲವೇ?” ಎಂದಳು. ಅಲ್ಲವೆಂದೆನು. ಆಮೇಲೆ ಕೇಳುವುದನ್ನು ಬಿಟ್ಟಳು. 1998ರಲ್ಲಿ ಈ ರೈಲುದಾರಿ ಪೂರ್ತಿಯಾಗಿ ತೆರೆಯುವುದಕ್ಕೆ ಮುಂಚೆ ಈ ಊರುಗಳಿಗೆ ಬರಬೇಕಾದರೆ ಬಸ್ಸುಗಳನ್ನು ಬದಲಾಯಿಸಿ ಬದಲಾಯಿಸಿ ಮೈ ಹಣ್ಣಾಗಬೇಕಾಗಿತ್ತು. ಈಗ ಗೋಕರ್ಣ ರೋಡ್ ಎಂಬ ಸ್ಟೇಷನ್ನಿನಲ್ಲಿ ಇಳಿದು ಆಟೋರಿಕ್ಷಾ ಮಾಡಿಕೊಂಡರೆ ಸಾಕು, ತುಸು ಹೊತ್ತಿನಲ್ಲಿ ಊರು ಸಿಕ್ಕುವುದು.

ಗೋಕರ್ಣವು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿಗೆ ಸೇರಿದ ಊರು. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ಎರಡು ನದಿಗಳ ನಡುವೆ ಸಮುದ್ರಕ್ಕೆ ಎದುರಾಗಿ ಕುಳಿತಿದೆ. ಮಹಾಭಾರತದ ವನಪರ್ವದ ತೀರ್ಥಯಾತ್ರೆಯಲ್ಲಿ ಇದರ ಹೆಸರು ಬರುವುದು. ಭಾಗವತದಲ್ಲಿ ಬಲರಾಮನು ತೀರ್ಥಯಾತ್ರೆ ಮಾಡುತ್ತಾ ಇಲ್ಲಿಗೂ ಬರುವನು. ರಾವಣನು ಆತ್ಮಲಿಂಗವನ್ನು ತಂದುದು, ಸಂಧ್ಯಾವಂದನೆಗೆಂದು ಅದನ್ನು ಬ್ರಹ್ಮಚಾರಿಯ ವೇಷದ ಗಣಪತಿಯ ಕೈಗೆ ಕೊಟ್ಟುದು, ಗಣಪತಿ ಮೂರು ಬಾರಿ ಕೂಗಿ ನೆಲಕ್ಕಿಟ್ಟುದು, ಇವೆಲ್ಲ ಓದುಗರಿಗೆ ಹೊಸ ಕಥೆಗಳಲ್ಲ. ನಾವು ಮೊದಲು ಊರ ಮುಂದಣ ಸಮುದ್ರದಲ್ಲಿ ಮುಳುಗಿ, ಕೋಟಿತೀರ್ಥದಲ್ಲಿ ಪ್ರೋಕ್ಷಿಸಿಕೊಂಡು, ಮಹಾಗಣಪತಿಗೆ ಕೈಮುಗಿದು, ಆಮೇಲೆ ಮಹಾಬಲೇಶ್ವರನ ಗುಡಿಗೆ ಹೋದೆವು. ಪೀಠದ ನಡುವಣ ರಂಧ್ರದಲ್ಲಿ ಬೆರಳಿಟ್ಟು ಲಿಂಗವನ್ನು ಮುಟ್ಟುವ ಪದ್ಧತಿ ಅಲ್ಲಿಯದು. ಅಕ್ಕ ಬೆರಳಿಟ್ಟವಳು ಬೇಗನೆ ಏಳಲಿಲ್ಲ. ಹಿಂದಿನವರು ಗೊಣಗಿದರು. ಹೊರಗೆ ಬಂದ ಮೇಲೆ ಏನು ಬೇಡಿಕೊಂಡೆ ಎಂದು ಕೇಳಿದುದಕ್ಕೆ, “ಬೇಡಲಿಲ್ಲ; ತಣ್ಣಗಿತ್ತು, ಹಾಗೇ ಇದ್ದೆ” ಎಂದಳು.

ಸಮುದ್ರವನ್ನು ಮೊದಲು ಕಂಡಾಗಲೂ ಆಕೆ ಹೆಚ್ಚು ಮಾತನಾಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಅಲೆ ಬಂದು ಕಾಲಡಿಯ ಮರಳನ್ನು ಎಳೆದುಕೊಂಡು ಹೋದಾಗ ನನ್ನ ತೋಳನ್ನು ಹಿಡಿದುಕೊಂಡಳು. “ಇದು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲವೇನೋ?” ಎಂದು ಮಾತ್ರ ಕೇಳಿದಳು.

ಇಷ್ಟು ಒಂದು ಗೋಕರ್ಣ. ಇನ್ನೊಂದು ಗೋಕರ್ಣವು ರಥಬೀದಿಯಿಂದಲೇ ಮೊದಲಾಗುವುದು. ಒಂದು ಅಂಗಡಿಯಲ್ಲಿ ರುದ್ರಾಕ್ಷಿ, ಕುಂಕುಮ, ತಾಮ್ರದ ಉದ್ಧರಣೆ. ಪಕ್ಕದ ಅಂಗಡಿಯಲ್ಲಿ ಬಣ್ಣಬಣ್ಣದ ಸಡಿಲ ಪಾಯಿಜಾಮೆಗಳು, ಹಗ್ಗದ ತೂಗುಮಂಚಗಳು, ಬಾರಿಸುವ ಡೋಲುಗಳು, ಓಂಕಾರವನ್ನು ಅಚ್ಚೊತ್ತಿದ ಅಂಗಿಗಳು. ಓಂಕಾರವನ್ನು ಎದೆಯ ಮೇಲೆ ಧರಿಸುವುದು ಸರಿ. ಕಾಲಂಗಿಯ ಮೇಲೆಯೂ ಅಚ್ಚೊತ್ತಿದ್ದುದನ್ನು ಕಂಡು ನಾನು ಅಂಗಡಿಯವನನ್ನು ಕೇಳಿದೆನು. ಅವನು, “ಮಾಸ್ತರೇ, ಅದು ಮೊದಲೇ ಖರ್ಚಾಗ್ತದೆ” ಎಂದನು. ಬೀದಿಯ ಅಂಚಿನಲ್ಲಿ ಕೊರಳ ತುಂಬ ಮಣಿಸರಗಳನ್ನು ಧರಿಸಿದ ಹಾಲಕ್ಕಿ ಒಕ್ಕಲಿನ ಹೆಂಗಸರು ಹೂವು, ಸೊಪ್ಪು, ತರಕಾರಿಗಳನ್ನು ಹರಡಿಕೊಂಡು ಕುಳಿತಿದ್ದರು. ಅವರ ಮುಂದೆಯೇ ಹಾದುಹೋದ ಪರದೇಶದ ಹೆಣ್ಣುಮಗಳೊಬ್ಬಳ ಕೊರಳಿನಲ್ಲಿಯೂ ಅದೇ ಬಗೆಯ ಮಣಿಸರಗಳಿದ್ದುವು. ಅವಳದು ಅಂಗಡಿಯಲ್ಲಿ ಕೊಂಡದ್ದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಊರಿನಿಂದ ದಕ್ಷಿಣಕ್ಕೆ ಗುಡ್ಡವನ್ನು ಹತ್ತಿ ಇಳಿದರೆ ಕುಡ್ಲೆಯ ತೀರ. ಅದನ್ನು ದಾಟಿದರೆ ಓಂ ತೀರ. ಎರಡು ಅರ್ಧಚಂದ್ರಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿದಂತಿರುವ ಆಕಾರದಿಂದ ಆ ಹೆಸರು ಬಂದುದು. ಅದರಾಚೆ ಹಾಫ್ ಮೂನ್, ಪ್ಯಾರಡೈಸ್ ಎಂಬ ಇಂಗ್ಲಿಷ್ ಹೆಸರಿನ ತೀರಗಳು. ಅಲ್ಲಿಗೆ ದೋಣಿಯಲ್ಲಿ ಹೋಗುವವರೇ ಹೆಚ್ಚು. ಗೋವೆಯಲ್ಲಿ ಗದ್ದಲ ಹೆಚ್ಚಿದಾಗ ಅದನ್ನು ಒಲ್ಲದ ಪರದೇಶದ ತರುಣರು ಮೆಲ್ಲಮೆಲ್ಲನೆ ಈ ಕಡೆಗೆ ಬಂದರಂತೆ. ಅವರ ಹಿಂದೆ ತೆಂಗಿನ ಗರಿಯ ಚಪ್ಪರಗಳು ಬಂದುವು. ಚಪ್ಪರಗಳ ಹಿಂದೆ ಹೆಂಚಿನ ಮಾಡುಗಳು. ಈಗ ಕಾಂಕ್ರೀಟಿನ ಮಹಡಿಗಳು. ಭರತದ ಗೆರೆಯಿಂದ 500 ಮೀಟರಿನೊಳಗೆ ಕಟ್ಟುವುದಕ್ಕೆ ನಿಬಂಧನೆಗಳನ್ನು ಹಾಕಿ 1991ರಲ್ಲಿಯೇ ಕೇಂದ್ರ ಸರ್ಕಾರದ ಪ್ರಕಟಣೆ ಹೊರಟಿತು. ಆಮೇಲೆ ಅದನ್ನು ಎರಡು ಬಾರಿ ಹೊಸದಾಗಿ ಬರೆದರು. ಅಲೆಗಳು ಪ್ರಕಟಣೆಯನ್ನು ಓದಿದಂತೆ ಗೆರೆಯ ಹಿಂದೆಯೇ ನಿಲ್ಲುತ್ತವೆ. ಮನುಷ್ಯರ ಮಾತು ಬೇರೆ. ಉಪಾಹಾರಗೃಹದಲ್ಲಿ ತಿಂಡಿಯ ಪಟ್ಟಿಯನ್ನು ತರಿಸಿ ನೋಡಿದೆನು. ಇಸ್ರೇಲ್ ದೇಶದ ತಿಂಡಿಗಳು, ಇಟಲಿಯ ತಿಂಡಿಗಳು, ಬಾಳೆಹಣ್ಣಿನ ಪ್ಯಾನ್‌ಕೇಕು ಎಂಬ ಒಂದು ಬಗೆಯ ಸಿಹಿದೋಸೆ, ಎಲ್ಲವೂ ಇದ್ದುವು. ಕನ್ನಡದ ಅಕ್ಷರ ಒಂದೂ ಇರಲಿಲ್ಲ. ಅಕ್ಕನಿಗೆ ತಂಬುಳಿ ಅನ್ನ ದೊರೆಯಬೇಕಾದರೆ ಪುನಃ ಊರಿಗೇ ಬರಬೇಕಾಯಿತು.

ಇದನ್ನು ಕಂಡು ನಾನು ಕೆರಳಬೇಕೆಂದು ಕೆಲವರು ನಿರೀಕ್ಷಿಸಿಯಾರು. ಆದರೆ ನಾನು ದಂಡಿನ ಕಡೆಯವನು. 1809ರಲ್ಲಿ ಇಂಗ್ಲಿಷರ ದಂಡು ಶ್ರೀರಂಗಪಟ್ಟಣವನ್ನು ಬಿಟ್ಟು ಬಂದು ಹಲಸೂರಿನ ಬಳಿ ಬೀಡುಬಿಟ್ಟ ಮೇಲೆ ನಮ್ಮ ಕಡೆಯ ಬೀದಿಗಳು ಬೆಳೆದುದು ಹೇಗೆ? ಸಿಪಾಯಿಗೆ ಬೂಟು ಹೊಲಿದು, ದೊರೆಸಾನಿಗೆ ಲೇಸು ಮಾರಿ, ಅವರ ಕುದುರೆಗೆ ಹುಲ್ಲು ಹಾಕಿಯೇ ಬೆಳೆದುವು. ಕಮರ್ಷಿಯಲ್ ಸ್ಟ್ರೀಟು ಎಂದರೆ ವ್ಯಾಪಾರದ ಬೀದಿ ಎಂದೇ ಅರ್ಥ, ಹೆಸರಿನಲ್ಲಿಯೇ ಮುಚ್ಚುಮರೆಯಿಲ್ಲ. ಶಿವಾಜಿನಗರದ ಚೌಕದಲ್ಲಿ ನಿಂತು ಒಂದು ಸೇರು ಅವರೆಕಾಯಿ ಕೊಳ್ಳುವುದಕ್ಕೆ ನಾಲ್ಕು ಭಾಷೆಗಳು ಬೇಕಾಗುತ್ತಿದ್ದುವು, ಈಗಲೂ ಬೇಕು. ದಂಡು ಬೇರೆ, ಪೇಟೆ ಬೇರೆ ಎಂದು ಇದ್ದುದು 1949ರಲ್ಲಿ ಒಂದೇ ಕಾರ್ಪೊರೇಷನ್ನಾಯಿತು. ಇಷ್ಟೆಲ್ಲ ಆದರೂ ಹಲಸೂರಿನ ಸೋಮೇಶ್ವರನು ಇದ್ದಲ್ಲಿಯೇ ಇದ್ದಾನೆ. ಆದ್ದರಿಂದ ಪರಸ್ಥಳದವರ ಹಣದ ಚೀಲವನ್ನು ನಂಬಿ ಬಾಳುವ ಊರನ್ನು ಕಂಡರೆ ನನಗೆ ತಿರಸ್ಕಾರ ಬರುವುದಿಲ್ಲ; ಪರಿಚಯವಿದ್ದಂತೆ ತೋರುವುದು. ಮೇಲಾಗಿ ಕ್ಷೇತ್ರಗಳು ಯಾವಾಗಲೂ ಯಾತ್ರಿಕರನ್ನು ನಂಬಿಯೇ ಬದುಕಿದುವಲ್ಲವೆ? ಹಿಂದೆ ಜಗಲಿಯಲ್ಲಿ ಚಾಪೆ ಹಾಸಿ, ಸ್ನಾನಕ್ಕೆ ನೀರು ಕಾಯಿಸಿ, ಊಟ ಬಡಿಸಿ ದಕ್ಷಿಣೆ ತೆಗೆದುಕೊಳ್ಳುತ್ತಿದ್ದ ಮನೆಗಳು ಇಂದು ಬೋರ್ಡು ಹಾಕಿವೆ. ನನಗೆ ಸರಿತೋರದಿದ್ದುದು ಒಂದೇ. ಚಾಪೆ ಹಾಸುವ ಕಾಲದಲ್ಲಿ ಮನೆಯವರು ಬಂದವರಿಗೆ ಊರಿನ ರೀತಿನೀತಿಗಳನ್ನು ಹೇಳಿಕೊಡುತ್ತಿದ್ದರು. ಈಗ ಕೋಣೆಯ ಬೀಗದ ಕೈಯನ್ನು ಕೊಡುತ್ತಾರೆ. ಇದನ್ನು ಏಕೆ ಹೇಳಿದೆನೆಂಬುದು ಮುಂದೆ ತಿಳಿದೀತು.

ನಾವು ಹೋದ ಮರುದಿನ ಶನಿವಾರ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟ ಮಲಗುವ ಬಸ್ಸುಗಳು ಬೆಳಗಾಗುವ ಹೊತ್ತಿಗೆ ತರುಣತರುಣಿಯರನ್ನು ತಂದು ಸುರಿದುವು. ಮಾತಿಗೆ ಸಿಕ್ಕಿದವರಲ್ಲಿ ಅರ್ಧಮಂದಿ ನಮ್ಮ ಪೂರ್ವದ ಕಡೆಯವರೇ: ಇಂದಿರಾನಗರದವರು, ಮಹದೇವಪುರದವರು, ವೈಟ್‌ಫೀಲ್ಡಿನ ಕಂಪೆನಿಗಳಲ್ಲಿ ಕೆಲಸ ಮಾಡುವವರು. ನಮ್ಮ ಬೀದಿಯವರನ್ನು ಕಾಣಲು ಮುನ್ನೂರು ಮೈಲಿಯ ಹತ್ತಿರ ಬರಬೇಕಾಯಿತೇ ಎಂದುಕೊಂಡೆನು. ನಾಲ್ಕು ಗಂಟೆಯ ಸುಮಾರಿಗೆ ಓಂ ತೀರಕ್ಕೆ ಹೋದೆವು. ಅಕ್ಕ ಮೆಟ್ಟಿಲಿಳಿದು ದಣಿದು ಒಂದು ಚಪ್ಪರದ ನೆರಳಿನಲ್ಲಿ ಚಹಾ ಕುಡಿಯುತ್ತಾ ಕುಳಿತಳು. ಮೊಮ್ಮಗನು ಚೆಂಡೊಂದನ್ನು ಹಿಡಿದು ನೀರಿನ ಅಂಚಿನಲ್ಲಿ ಆಡುತ್ತಿದ್ದನು. ಅವನಿಗೂ ನೀರಿಗೂ ನಡುವೆ ನಾನು ನಿಂತಿದ್ದೆನು.

ಆಗ ಇಬ್ಬರು ತರುಣರು, ಗಂಡಹೆಂಡಿರಿರಬೇಕು, ಹತ್ತಿರ ಬಂದು ಈ ಊರಿಗೆ ಗೋಕರ್ಣವೆಂಬ ಹೆಸರೇಕೆ ಎಂದು ವಿನಯದಿಂದ ಕೇಳಿದರು. ಮೇಷ್ಟರಾಗಿದ್ದವನಿಗೆ ಇದಕ್ಕಿಂತ ಮಿಗಿಲಾದ ಆಮಿಷವಿಲ್ಲ. ಭೂಮಿ ಗೋರೂಪದಲ್ಲಿದ್ದಾಗ ಅವಳ ಕಿವಿಯಿಂದ ರುದ್ರನು ಹೊರಟನೆಂಬ ಪುರಾಣವನ್ನು ಹೇಳಿದೆನು. ರಾವಣನು ಕಿತ್ತೆಳೆದಾಗ ಲಿಂಗವು ಹಸುವಿನ ಕಿವಿಯಂತೆ ತಿರುಚಿತೆಂಬುದನ್ನು ಹೇಳಿದೆನು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಅವರು ಕೇಳುತ್ತಲೇ ಇದ್ದರು. ರಘುವಂಶಕ್ಕೆ ಕೈಹಾಕಿದೆನು. ಎಂಟನೆಯ ಸರ್ಗದಲ್ಲಿ ನಾರದನು ಗೋಕರ್ಣದ ಈಶ್ವರನನ್ನು ವೀಣೆಯಿಂದ ಸೇವಿಸುವುದಕ್ಕೆಂದು ಆಕಾಶಮಾರ್ಗದಲ್ಲಿ ಹೋಗುತ್ತಿರುವನು. ಕಾಳಿದಾಸನು ಗೋಕರ್ಣವನ್ನು ದಕ್ಷಿಣಸಮುದ್ರದ ತೀರದಲ್ಲಿಟ್ಟಿದ್ದಾನೆ. ಭೂಗೋಳದ ಮೇಷ್ಟರು ಒಂದು ಅಂಕವನ್ನು ಕಳೆದಾರು. ಗಾಳಿಗೆ ವೀಣೆಯ ತುದಿಯ ಹೂಮಾಲೆ ಜಾರಿ, ಕೆಳಗೆ ಉಪವನದಲ್ಲಿ ಅಜನೊಡನೆ ವಿಹರಿಸುತ್ತಿದ್ದ ಇಂದುಮತಿಯ ಎದೆಯ ಮೇಲೆ ಬೀಳುವುದು. ಅಷ್ಟಕ್ಕೇ ಆಕೆಯ ಪ್ರಾಣ ಹೋಗುವುದು. ಹೂವಿನಂಥ ಮೃದುವಸ್ತುವೂ ಹೇಗೆ ಕೊಂದೀತೆಂದು ಅಜನು ಗೋಳಿಡುವನು. ಅಜವಿಲಾಪವನ್ನು ನಾನು ಮೂವತ್ತು ವರ್ಷ ಪಾಠ ಹೇಳಿದವನು. ಕೈಗಳನ್ನೆತ್ತಿ, ಸಮುದ್ರಕ್ಕೆ ಬೆನ್ನು ಮಾಡಿ ಹೇಳುತ್ತಿದ್ದೆನು.

ಸೀಟಿಯ ಶಬ್ದ ಕೇಳಿಸಿತು. ತಿರುಗಿ ನೋಡಿದಾಗ ಹುಡುಗನು ಮರಳಿನ ಮೇಲೆ ಇರಲಿಲ್ಲ. ಚೆಂಡು ಬಂಡೆಗಳ ಪಕ್ಕದಲ್ಲಿ ನೀರಿನ ಮೇಲೆ ತೇಲುತ್ತಾ ಒಳಕ್ಕೆ ಹೋಗುತ್ತಿದ್ದಿತು. ಅದರಿಂದ ನಾಲ್ಕು ಮಾರು ಈಚೆಗೆ ಅವನ ತಲೆ ಒಮ್ಮೆ ಕಂಡಿತು, ಒಮ್ಮೆ ಕಾಣಲಿಲ್ಲ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಪಂಚೆಯೊಡನೆ ನೀರಿಗಿಳಿದವನನ್ನು ಒಂದು ಅಲೆ ಹಿಂದಕ್ಕೆ ತಳ್ಳಿ ಕೆಡವಿತು. ನಾನು ಎದ್ದು ನಿಲ್ಲುವಷ್ಟರಲ್ಲಿ ಜೀವರಕ್ಷಕನು ನನ್ನನ್ನು ದಾಟಿ ಹೋಗಿದ್ದನು. ಅವನು ನೇರವಾಗಿ ಹೋಗಲಿಲ್ಲ. ನೀರಿನೊಳಗಣ ದಾರಿಯೊಂದನ್ನು ಬಲ್ಲವನಂತೆ ಓರೆಯಾಗಿ ಹೋದನು. ಹುಡುಗನನ್ನು ಹಿಡಿದ ಮೇಲೂ ದಡಕ್ಕೆ ಎದುರಾಗಿ ಬರದೆ, ತೀರದ ಉದ್ದಕ್ಕೂ ಬಹಳ ದೂರ ಈಜಿ, ಅಲ್ಲಿ ಅಲೆಯೊಡನೆ ದಡಕ್ಕೆ ಬಂದನು. ಹುಡುಗನು ನೀರನ್ನು ಕಾರಿದನು, ಕೆಮ್ಮಿದನು, ಅತ್ತನು. ಅವನು ಅತ್ತಾಗ ನನಗೆ ಉಸಿರು ಬಂದಿತು.

ಜೀವರಕ್ಷಕನು ಮೀನುಗಾರರ ಮನೆಯ ಹುಡುಗ, ಇಪ್ಪತ್ತೈದರ ಒಳಗಿನವನು. ಅವನು ನನ್ನನ್ನು ಬೈಯಲಿಲ್ಲ. ಉಸಿರು ಸುಧಾರಿಸಿಕೊಂಡು, “ಸಮುದ್ರಕ್ಕೆ ಬೆನ್ನು ಮಾಡ್ಬಾರ್ದು, ಮಾಸ್ತರೇ” ಎಂದಷ್ಟೇ ಹೇಳಿದನು. ಆಮೇಲೆ ನನ್ನನ್ನು ಬಂಡೆಯ ಬಳಿ ನಿಲ್ಲಿಸಿ ಬೆರಳಿಟ್ಟು ತೋರಿಸಿದನು. ಎರಡು ಕಡೆಯಲ್ಲಿಯೂ ಅಲೆಗಳು ನೊರೆಗರೆಯುತ್ತಾ ಬಂದು ಒಡೆಯುತ್ತಿದ್ದುವು. ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಸಮತಟ್ಟಾಗಿ, ಸ್ವಲ್ಪ ಕಪ್ಪಾಗಿ ಇದ್ದಿತು. ಹೊಸಬರು ಅದನ್ನೇ ಶಾಂತವಾದ ಸ್ಥಳವೆಂದು ನಂಬಿ ಇಳಿಯುವರಂತೆ. ದಡಕ್ಕೆ ಬಂದ ನೀರೆಲ್ಲ ಹಿಂದಿರುಗಬೇಕಲ್ಲವೆ? ಅದು ಹಿಂದಿರುಗುವ ಓಣಿ ಅದು. ಬಂಡೆಗಳ ಪಕ್ಕದಲ್ಲಿ ಇಂಥ ಓಣಿಗಳು ಏರ್ಪಡುವುದು ಹೆಚ್ಚು. ಅದರಲ್ಲಿ ಸಿಕ್ಕಿದವನು ದಡದ ಕಡೆಗೆ ಈಜಿದಷ್ಟೂ ದಣಿದು ಮುಳುಗುವನು. ಮೈಬಿಟ್ಟು ತೇಲುತ್ತಾ, ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಓಣಿಯನ್ನು ದಾಟಿದ ಮೇಲೆ ದಡಕ್ಕೆ ತಿರುಗಬೇಕು. ಈಜು ಬಾರದವನು ತೇಲುತ್ತಾ ಕೈಯೆತ್ತಿ ಕೂಗಬೇಕು. ಅಂದು ಅಮಾವಾಸ್ಯೆ ಕಳೆದು ಎರಡು ದಿನಗಳಾಗಿದ್ದುವು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತ ಇಳಿತಗಳೆರಡೂ ಹೆಚ್ಚು. ಪುಣ್ಯಸ್ನಾನಕ್ಕೆಂದು ನಾವು ಪಂಚಾಂಗ ನೋಡಿ ಆರಿಸಿದ ದಿನವನ್ನೇ ಬೆಸ್ತರು ಎಚ್ಚರಿಕೆಯ ದಿನವೆಂದು ಎಣಿಸುತ್ತಾರೆ. ಇಬ್ಬರ ಪಂಚಾಂಗವೂ ಒಂದೇ. ನಾವು ಇಳಿದುಕೊಂಡಿದ್ದ ಮನೆಯವರು ಇದರಲ್ಲಿ ಒಂದು ಮಾತನ್ನು ಹೇಳಿದ್ದರೂ ಸಾಕಾಗಿತ್ತು; ಆದರೆ ನಾನು ಕೇಳಿದ್ದುದು ಬಿಸಿನೀರು ಎಷ್ಟು ಗಂಟೆಗೆ ಬರುವುದೆಂದು ಮಾತ್ರ.

ಗೋಕರ್ಣದಿಂದ ದಕ್ಷಿಣಕ್ಕಿರುವ ಮುರ್ಡೇಶ್ವರದಲ್ಲಿ 2024ನೆಯ ಇಸವಿ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಸಮುದ್ರದ ಪಾಲಾದರು. ಕೋಲಾರ ಜಿಲ್ಲೆಯ ಮಕ್ಕಳು. ಕೃಷ್ಣರಾಜಪುರವನ್ನು ದಾಟಿ ಹಳೆಯ ಮದ್ರಾಸು ರಸ್ತೆಯನ್ನು ಹಿಡಿದರೆ ಆ ಜಿಲ್ಲೆಯೇ. ಅಲ್ಲಿಯೂ ನೀರೆಂದರೆ ಕೆರೆ. ಅದನ್ನು ಪತ್ರಿಕೆಯಲ್ಲಿ ಓದಿದಾಗ, ಮೇಷ್ಟರುಗಳು ಏನು ಮಾಡುತ್ತಿದ್ದರು ಎಂದು ನಾನು ಮನೆಯಲ್ಲಿ ಗಟ್ಟಿಯಾಗಿ ಕೇಳಿದ್ದೆನು. ಓಂ ತೀರದ ಮರಳಿನ ಮೇಲೆ ಒದ್ದೆ ಪಂಚೆಯಲ್ಲಿ ಕುಳಿತಾಗ ಆ ಮಾತು ನೆನಪಿಗೆ ಬಂದಿತು.

ಅಕ್ಕ ಓಡಿಬಂದು ಹುಡುಗನನ್ನು ಸೆರಗಿನಿಂದ ಒರಸಿ ಮಡಿಲಲ್ಲಿಟ್ಟುಕೊಂಡಳು. ನನ್ನ ಕಡೆಗೆ ನೋಡಿ, “ರಾವಣನಿಗಾದರೂ ಸಂಧ್ಯಾವಂದನೆಯ ನೆಪವಿತ್ತು” ಎಂದಳು. ಅದಕ್ಕಿಂತ ಹೆಚ್ಚು ಏನನ್ನೂ ಹೇಳಲಿಲ್ಲ.

ಮೂರನೆಯ ದಿನ ಯಾರಿಗೂ ತೀರದ ಕಡೆಗೆ ಹೋಗುವ ಮನಸ್ಸಿರಲಿಲ್ಲ. ಆಟೋರಿಕ್ಷಾದವನು ಸಾಣಿಕಟ್ಟೆಯ ಉಪ್ಪಿನ ಆಗರವನ್ನು ತೋರಿಸುತ್ತೇನೆಂದು ಕರೆದುಕೊಂಡು ಹೋದನು. ಅಘನಾಶಿನಿಯ ಹಿನ್ನೀರಿನ ಪಕ್ಕದಲ್ಲಿ ಗದ್ದೆಗಳಂತೆ ಮಡಿಗಳು. ಭರತದ ನೀರನ್ನು ತೂಬಿನ ಮೂಲಕ ಒಳಕ್ಕೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಇಂಗಿಸಿ, ಹಲ್ಲೆಯಿಂದ ಎಳೆದು ರಾಶಿಮಾಡುವರು. ಮಳೆಗಾಲ ಬರುವುದರೊಳಗೆ ವರ್ಷದ ಬೆಳೆಯೆಲ್ಲ ಮುಗಿಯಬೇಕು. ಹಿಂದಿನ ದಿನ ನಮ್ಮನ್ನು ಕೆಡವಿದ ನೀರೇ ಇಲ್ಲಿ ಅಂಗುಲದಷ್ಟು ಆಳದಲ್ಲಿ ಮಿಸುಕದೆ ಮಲಗಿದ್ದಿತು. ಹುಡುಗನು ಮಡಿಯ ಬದುವಿನ ಮೇಲೆ ಕುಳಿತು ಒಂದು ಬೆರಳನ್ನು ಅದ್ದಿ ನಾಲಗೆಗೆ ಹಚ್ಚಿಕೊಂಡು ಮುಖ ಹಿಂಡಿದನು. ಎರಡನೆಯ ಬೆರಳನ್ನು ಅದ್ದಲಿಲ್ಲ.

ಅಣೆಕಟ್ಟುಗಳಿಲ್ಲದೆ ಸಮುದ್ರಕ್ಕೆ ಸೇರುವ ನದಿ ಅಘನಾಶಿನಿ. ಹೆಸರಿನ ಅರ್ಥವನ್ನು ಹೇಳುವುದಕ್ಕೆ ಬಾಯಿ ತೆರೆದವನು ಸುಮ್ಮನಾದೆನು. ಇದರ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಲೋಕವೆಲ್ಲ ಕಾಪಾಡಬೇಕಾದ ಜೌಗುಭೂಮಿಗಳ ಪಟ್ಟಿಗೆ, ಸೇರಿಸಿರುವರು. ಉಪ್ಪುನೀರು ನಿಂತರೂ ಬೆಳೆಯುವ ಕಗ್ಗವೆಂಬ ಬತ್ತ ಈ ಅಳಿವೆಯ ಗಜನಿ ಗದ್ದೆಗಳಲ್ಲಿ ಬೆಳೆಯುವುದು. ಇಲ್ಲಿಂದ ಅಂಕೋಲೆ ದೂರವಲ್ಲ, 1930ರಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನರು ಉಪ್ಪಿನ ಕಾಯಿದೆಯನ್ನು ಮುರಿದುದು ಅಲ್ಲಿ. ಅಕ್ಕನಿಗೆ ಈ ಚರಿತ್ರೆಗಿಂತ ಉಪ್ಪಿನ ಗುಣದಲ್ಲಿ ಆಸಕ್ತಿ. ಕೈಯಲ್ಲಿ ಹಿಡಿದು, ಹರಳನ್ನು ಉಜ್ಜಿ ನೋಡಿ, ಮಾವಿನಮಿಡಿಗೆ ಹಾಕುವುದಕ್ಕೆ ಇದು ಒಳ್ಳೆಯದೆಂದು ಒಂದು ಚೀಲವನ್ನು ಕೊಂಡಳು. ಜೊತೆಗೆ ಒಣಗಿಸಿದ ಮುರುಗಲನ್ನೂ ಕೊಂಡಳು. ಚೀಲವನ್ನು ಹೊತ್ತವನು ನಾನು.

ಇನ್ನು ಹೇಳುವುದಕ್ಕೆ ಕಷ್ಟವಾದ ಮಾತು. ಹಿಂದಿರುಗುವಾಗ ಗಾಡಿಯಲ್ಲಿ ನಾನು ಹುಡುಗನನ್ನು ಕಿಟಕಿಯ ಬಳಿ ಕೂರಿಸಿಕೊಂಡು, “ಸಮುದ್ರದಲ್ಲಿ ನಡೆದದ್ದನ್ನು ಅಮ್ಮನಿಗೆ ಹೇಳುವುದು ಬೇಡ, ಸುಮ್ಮನೆ ಗಾಬರಿಯಾಗುತ್ತಾಳೆ” ಎಂದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಅಮ್ಮ ಕೇಳಿದರೆ, ತಾತ?” ಎಂದನು. “ಕೇಳಿದರೆ ನೋಡೋಣ.” “ಕೇಳದಿದ್ದರೆ ಅದು ಸುಳ್ಳಾಗುವುದಿಲ್ಲವೇ?” ಪರೀಕ್ಷೆಯಲ್ಲಿ ಮಕ್ಕಳು ಕೇಳದಿರಲೆಂದು ಮೇಷ್ಟರು ಹಾರೈಸುವ ಪ್ರಶ್ನೆಗಳಲ್ಲಿ ಇದೊಂದು. ಮೇಲಿನ ಹಾಸಿನಲ್ಲಿ ಮಲಗಿದ್ದ ಅಕ್ಕನಿಗೆ ನಿದ್ರೆ ಬಂದಿದೆಯೆಂದು ತಿಳಿದಿದ್ದೆನು. ಹುಡುಗನು ಮಲಗಿದ ಮೇಲೆ ಆಕೆ ಮೇಲಿನಿಂದಲೇ, “ನಾನು ನಿನ್ನ ಮಗಳಿಗೆ ಹೇಳುವುದಿಲ್ಲ. ಹೇಳಬೇಕಾದವನು ನೀನು” ಎಂದಳು.

ನಾನು ಹೇಳಲಿಲ್ಲ. ಹನ್ನೊಂದು ದಿನಗಳು ಕಳೆದುವು. ಅಷ್ಟರಲ್ಲಿ ಈ ತಿಂಗಳ ಲೇಖನಕ್ಕೆ ಸಂಪಾದಕರ ಜ್ಞಾಪಕಪತ್ರ ಬಂದಿತು. ಗೋಕರ್ಣದ ವಿಚಾರವಾಗಿಯೇ ಬರೆದೆನು. ಕ್ಷೇತ್ರಮಹಿಮೆ, ಕಾಳಿದಾಸ, ರಥಬೀದಿಯ ಅಂಗಡಿಗಳು, ಸಾಣಿಕಟ್ಟೆಯ ಉಪ್ಪು, ಎಲ್ಲವೂ ಬಂದುವು. ಓಂ ತೀರಕ್ಕೆ ಅದರ ಆಕಾರವನ್ನು ವರ್ಣಿಸುವ ಎರಡು ವಾಕ್ಯಗಳು. ಬರೆದುದನ್ನು ಮನೆಯವರಿಗೆ ಒಮ್ಮೆ ಓದಿ ಹೇಳುವುದು ನನ್ನ ರೂಢಿ. ಆ ಸಂಜೆಯೂ ಓದಿದೆನು. ಮಗಳು ಬೀನ್ಸು ಬಿಡಿಸುತ್ತಾ ಕೇಳುತ್ತಿದ್ದಳು. ಹುಡುಗನು ಗೋಡೆಗೆ ಒರಗಿ ನಿಂತಿದ್ದನು. ಓಂ ತೀರದ ಎರಡು ವಾಕ್ಯಗಳು ಬಂದಾಗ ನನ್ನ ಮುಖವನ್ನು ನೋಡಿದನು; ಮುಂದಿನ ವಾಕ್ಯಕ್ಕೆ ಉಪ್ಪಿನ ಆಗರ ಬಂದಾಗ ಮೆಲ್ಲನೆ ಎದ್ದುಹೋಗಿ ಜಗಲಿಯಲ್ಲಿ ಕುಳಿತನು. “ಚೆನ್ನಾಗಿದೆಯಪ್ಪ” ಎಂದಳು ಮಗಳು.

ಕಾಗದಗಳನ್ನು ಮಡಿಸಿಟ್ಟು ನಡೆದುದನ್ನು ನಡೆದಂತೆ ಹೇಳಿದೆನು. ಚೆಂಡು, ಸೀಟಿ, ನಾನು ಬೆನ್ನು ಮಾಡಿ ನಿಂತಿದ್ದುದು, ಗಾಡಿಯಲ್ಲಿ ಹುಡುಗನಿಗೆ ಹೇಳಿದ ಮಾತು, ಯಾವುದನ್ನೂ ಬಿಡಲಿಲ್ಲ. ಆಕೆಯ ಕೈ ಬೀನ್ಸಿನ ಮೇಲೆ ನಿಂತುಹೋಯಿತು. ಬೈದರೆ ಹಗುರವಾದೀತೆಂದು ಕಾದೆನು, ಬೈಯಲಿಲ್ಲ. ಬಹಳ ಹೊತ್ತಾದ ಮೇಲೆ, “ಅಪ್ಪ, ಗೋಕರ್ಣದಿಂದ ಬಂದ ದಿನದಿಂದ ಇವನು ರಾತ್ರಿ ಬೆಚ್ಚಿಬಿದ್ದು ಎದ್ದು ಕೂರುತ್ತಿದ್ದಾನೆ. ಏನೋ ಎಂದರೆ ಏನೂ ಇಲ್ಲ ಎನ್ನುತ್ತಾನೆ. ಶಾಲೆಯಲ್ಲಿ ಯಾರೋ ಹೊಡೆದಿರಬೇಕೆಂದು ನಾನು ನಿನ್ನೆ ಅವರ ಮೇಡಂ ಹತ್ತಿರ ಹೋಗಿ ಕೇಳಿ ಬಂದೆ” ಎಂದಳು. ಬುಟ್ಟಿಯನ್ನು ಕೆಳಗಿಟ್ಟು ಜಗಲಿಗೆ ಹೋದಳು. ತಾಯಿಮಕ್ಕಳು ಅಲ್ಲಿ ಏನು ಮಾತನಾಡಿದರೋ ನನಗೆ ಕೇಳಿಸಲಿಲ್ಲ. ಬಿಡಿಸದೆ ಉಳಿದಿದ್ದ ಬೀನ್ಸನ್ನು ನಾನು ಬಿಡಿಸಿದೆನು.

ಅಂದು ರಾತ್ರಿ ಹುಡುಗನು ತಾಯಿಯ ಪಕ್ಕದಲ್ಲಿ ಮಲಗಿದನು, ಬೆಳಗಿನವರೆಗೆ ಏಳಲಿಲ್ಲವಂತೆ. ಮೊದಲು ಬರೆದಿದ್ದ ಲೇಖನವನ್ನು ಹರಿದುಹಾಕಿ ಇದನ್ನು ಬರೆದೆನು. ಇದನ್ನೂ ಓದಿ ಹೇಳಿದೆನು. ಈ ಬಾರಿ ಹುಡುಗನು ಕೊನೆಯವರೆಗೂ ಕುಳಿತು ಕೇಳಿ, ಚೆಂಡಿನ ಬಣ್ಣವನ್ನು ಬರೆದಿಲ್ಲವಲ್ಲ ಎಂದು ತಪ್ಪು ಹಿಡಿದನು. ಚೆಂಡು ಹಳದಿ. ಸಾಣಿಕಟ್ಟೆಯ ಉಪ್ಪು ಅಕ್ಕನ ಮನೆಯಲ್ಲಿ ಜಾಡಿ ತುಂಬಿ ಮಾವಿನಮಿಡಿ ಬರುವುದನ್ನು ಕಾಯುತ್ತಿದೆ.